ಬೇಸ್ ಗಿಟಾರೂ ಒಂದು ಖಾಲಿ ಹಗೇವೂ

ನಮ್ಮ ಕಡೆ ಬೇಸ್ ಎಂದರೆ ಚೆನ್ನಾಗಿದೆ ಎಂದರ್ಥ. ಸಾರು ಬೇಸೈತಿ, ಹುಡುಗಿ ಬೇಸದಾಳ, ಮಳಿ ಬೇಸಾತು. ಧಾರವಾಡದವರು ಛಲೋ ಎನ್ನುವಲ್ಲಿ ನಾವು ಬೇಸ್ ಎನ್ನುತ್ತೇವೆ, ಮನಸ್ಸು ಬಂದರೆ ಛಲೋ ಎಂದೂ ಎನ್ನುತ್ತೇವೆ. ಈ ಒಂದು ಮಾತು ತಿಳಿಯದಿದ್ದರೆ ನಾನು ಮುಂದೆ ಹೇಳುವುದು ಯಾವುದೂ ತಲೆಗೆ ಹೋಗುವುದಿಲ್ಲ. ತಿಳಿದಿದ್ದ ನಮಗೇ ಕೆಲವು ವರ್ಷ ಹೋಗಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊಪ್ಪಳದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ. ಅಂಚೆಯಲ್ಲಿ ಪಾಠ ತರಿಸಿಕೊಂಡು ಕಲಿತ ವಿದ್ಯೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೆ. ಅದರ ಕೆಳಗೆ ನನ್ನಿಂದ ಜೀವ ಬರದ ರೇಡಿಯೊಗಳು ಸಾಲಾಗಿ ಕೂತಿರುತ್ತಿದ್ದವು. ಜೊತೆಗೆ ಮೈಕ್ ಸೆಟ್ಟುಗಳನ್ನೂ ರಿಪೇರಿ ಮಾಡುತ್ತಿದ್ದೆ. ಆ ದಾರಿಯಲ್ಲೇ ಗಂಗಾವತಿಯ ಒಂದು ಆರ್ಕೆಸ್ಟ್ರಾ ಪಾರ್ಟಿಗೆ ಸೌಂಡ್ ನೋಡಿಕೊಳ್ಳುವವನಾದೆ. ಪಾರ್ಟಿಯ ಮಾಲೀಕರು ಅಕ್ಕಿ ಗಿರಣಿಯ ಸಾಹುಕಾರರು. ಗಂಡಿನ ದನಿಯಲ್ಲೂ ಹೆಣ್ಣಿನ ದನಿಯಲ್ಲೂ ತಾವೇ ಹಾಡುತ್ತಿದ್ದರು. ಯಾವುದು ಯಾವ ದನಿ ಎಂದು ಗುರುತಿಸಲು ಹಾಡಿನ ಸಾಹಿತ್ಯಕ್ಕೆ ಕಿವಿಗೊಡಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಭಾಗ್ಯನಗರದ ಒಬ್ಬ ನೇಕಾರ ಅಂಗಡಿಗೆ ಬಂದ. ನನಗಿಂತ ಚಿಕ್ಕವನು, ತೆಳ್ಳಗಿದ್ದ, ಮಾತು ಕಡಿಮೆ. ಬಗಲಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಬಿಚ್ಚಿದರೆ ಕೆಂಪು ಬಣ್ಣದ ಗಿಟಾರ್.

"ಅಣ್ಣಾರ, ಹುಬ್ಬಳ್ಳ್ಯಾಗ ತಗೊಂಡೀನ್ರಿ. ಎರಡು ತಂತಿ ಹೋಗ್ಯಾವ, ಹಾಕಿಕೊಡ್ರಿ" ಎಂದ.

ಆದದ್ದು ಇಷ್ಟು. ಹುಬ್ಬಳ್ಳಿಯ ಅಂಗಡಿಯವನು ಇವನಿಗೆ ಒಂದನ್ನು ತೋರಿಸಿ ಇದು ಗಿಟಾರ್ ಎಂದಿದ್ದ, ಇನ್ನೊಂದನ್ನು ತೋರಿಸಿ ಇದು ಬೇಸ್ ಗಿಟಾರ್ ಎಂದಿದ್ದ. ಬೇಸ್ ಇರುವುದು ಕಣ್ಣೆದುರಿಗೇ ಇರುವಾಗ ಬರೀ ಗಿಟಾರನ್ನು ಯಾವ ಮಗ ಒಯ್ಯುತ್ತಾನೆ? ಬೇಸ್ ಇದ್ದದ್ದನ್ನೇ ಕೊಡಿರೆಂದು ಕಟ್ಟಿಸಿಕೊಂಡು ಬಂದಿದ್ದ. ಮನೆಯಲ್ಲಿ ಎಣಿಸಿದಾಗ ತಂತಿ ನಾಲ್ಕೇ. ಸಿನಿಮಾದಲ್ಲಿ ಆರು ನೋಡಿದ್ದ.

ಸರ್ಟಿಫಿಕೇಟ್ ಇದ್ದವನು ಗೊತ್ತಿಲ್ಲ ಎನ್ನಬಾರದು. ಗಿಟಾರನ್ನು ತಿರುವಿ ಮುರುವಿ ನೋಡಿದೆ. ಬಿರಡೆ ನಾಲ್ಕು, ತಂತಿ ಕೂರುವ ಗೀರೂ ನಾಲ್ಕು. ಕಂಪನಿಯವರೇ ಉಳಿತಾಯ ಮಾಡಿದ್ದಾರೆ ಎಂದು ತೀರ್ಮಾನಿಸಿ, ಇನ್ನೆರಡು ಬಿರಡೆಗೆ ತೂತು ಕೊರೆಯಲು ಡ್ರಿಲ್ ಎತ್ತಿಕೊಂಡೆ. ಅಷ್ಟರಲ್ಲಿ ತಮ್ಮ ಆಂಪ್ಲಿಫೈಯರ್ ಒಯ್ಯಲು ಬಂದಿದ್ದ ಸಾಹುಕಾರರು ಬಾಗಿಲಲ್ಲೇ ನಿಂತು ಕೈ ಅಡ್ಡ ಮಾಡಿದರು.

"ಏ, ತಡೀರಿ. ಅದು ಬೇಸ್ ಗಿಟಾರು, ತಳದ ದನೀದು, ಅದಕ್ಕ ನಾಕ ತಂತಿ. ದೊಡ್ಡ ಆರ್ಕೆಸ್ಟ್ರಾದಾಗ ಇರ್ತೈತಿ. ತಮ್ಮಾ, ನಮ್ಮ ಪಾರ್ಟಿಗೆ ಬರ್ತಿಯೇನು?"

ಹೀಗೆ ಗಿಟಾರ್ ಉಳಿಯಿತು, ನೇಕಾರ ಪಾರ್ಟಿಗೆ ಸೇರಿದ. ಪೋಸ್ಟರಿನಲ್ಲಿ 'ಬೇಸ್ ಗಿಟಾರ್ ಸಹಿತ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದರು. ಜನ ಅದನ್ನು ಓದಿ, ಮೊದಲಿನದು ಹಾಳಾಗಿತ್ತೇನೋ, ಈಗ ಬೇಸಿರೋದು ತಂದಾರ ಎಂದುಕೊಂಡರು.

ಅವನು ಕಲಿತದ್ದು ಮಗ್ಗದ ಮೇಲೆ. ರೇಡಿಯೊ ಹಚ್ಚಿಕೊಂಡು ನೇಯುತ್ತಾ ಹಾಡಿನ ತಳದಲ್ಲಿ ನಡೆಯುವ ಸಪ್ಪಳವನ್ನಷ್ಟೇ ಹಿಂಬಾಲಿಸುತ್ತಿದ್ದ. ನೇಯ್ಗೆ ಮುಗಿದ ಮೇಲೆ ಗಿಟಾರ್ ಎತ್ತಿಕೊಂಡು ಬೆರಳಿನಲ್ಲಿ ಹುಡುಕುತ್ತಿದ್ದ. ಕರೆಂಟಿನ ಗಿಟಾರಿಗೆ ಆಂಪ್ಲಿಫೈಯರ್ ಇಲ್ಲದಿದ್ದರೆ ದನಿಯೇ ಇಲ್ಲ, ಟಿಕ್ ಟಿಕ್ ಎನ್ನುತ್ತದೆ ಅಷ್ಟೇ. ನನ್ನ ಅಂಗಡಿಯ ಸಣ್ಣ ಸ್ಪೀಕರಿಗೆ ಹಚ್ಚಿದರೆ ನೆಗಡಿಯಾದವನು ಗಂಟಲು ಸರಿಮಾಡಿಕೊಂಡಂತೆ ಕೇಳಿಸುತ್ತಿತ್ತು. ಅದನ್ನೇ ಕೇಳಿ ಅವನು ತಲೆದೂಗುತ್ತಿದ್ದ.

ಅದರ ಸೇವೆ ಮಾಡುವುದೇ ನನಗೊಂದು ಉದ್ಯೋಗವಾಯಿತು. ಬೇಸ್ ತಂತಿ ನಮ್ಮ ಕಡೆ ಎಲ್ಲೂ ಸಿಗುತ್ತಿರಲಿಲ್ಲ. ಬೆವರು, ಧೂಳು ಕೂತು ಮಂಕಾದ ತಂತಿಯನ್ನು ಬಿಚ್ಚಿ ನೀರಿನಲ್ಲಿ ಕುದಿಸಿದರೆ ಹೊಸದರಂತಾಗುತ್ತದೆ ಎಂದು ಯಾರೋ ಹೇಳಿದ್ದರು, ಹೇಳಿದ್ದು ನಿಜವೂ ಆಗಿತ್ತು. ನನ್ನ ಹೆಂಡತಿ ಬೇಳೆ ಬೇಯಿಸುವ ಪಾತ್ರೆಯಲ್ಲಿ ಕುದಿಸಿದೆ. ಪಕ್ಕದ ಮನೆಯಾಕೆ ಒಲೆಯ ಕಡೆ ಇಣುಕಿ, "ಇವತ್ತೇನು ಶಾವಿಗಿ ಏನ್ರಿ?" ಎಂದು ಕೇಳಿದಳು. ಆ ಪಾತ್ರೆ ಅಂದಿನಿಂದ ಅಂಗಡಿಯ ಪಾಲಾಯಿತು.

ಇನ್ನೊಮ್ಮೆ ಪಿಕಪ್ ಸತ್ತಿತು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಹಿಡಿಯುವ ಅಯಸ್ಕಾಂತದ ಸುರುಳಿ. ಒಳಗಿನ ತಾಮ್ರದ ಎಳೆ ಕಿಲುಬು ಹಿಡಿದು ಕಡಿದಿತ್ತು. ಹಳೆಯ ರೇಡಿಯೊದ ಹೊಟ್ಟೆಯಿಂದ ಕೂದಲಿಗಿಂತ ಸಣ್ಣ ತಂತಿ ಬಿಚ್ಚಿ, ಅವನ ಮನೆಯ ನೂಲಿನ ರಾಟಿಗೆ ಕಟ್ಟಿ ಹೊಸದಾಗಿ ಸುತ್ತಿದೆವು. ನೂಲಿಗೆ ಪಳಗಿದ ರಾಟಿ ತಾಮ್ರದ ಮೇಲೆ ಮುನಿಸಿಕೊಂಡು ಎಳೆಯನ್ನು ಮತ್ತೆ ಮತ್ತೆ ಕಡಿಯಿತು. ಬೆಸುಗೆ ಹಾಕಿ ಹಾಕಿ ಮುಗಿಸಿದೆವು. ಆ ಪಿಕಪ್ಪು ಗಿಟಾರಿನ ಜೊತೆಗೆ ಹತ್ತಿರ ಹಾಯ್ದ ಮೋಟಾರ್ ಸೈಕಲ್ಲಿನ ಗರಗರವನ್ನೂ ಹಿಡಿಯುತ್ತಿತ್ತು. ಒಂದು ಕೆಲಸಕ್ಕೆ ಎರಡು ಫಲ.

ಇಷ್ಟೆಲ್ಲ ಮಾಡಿ ಹಚ್ಚುತ್ತಿದ್ದದ್ದು ಯಾವುದಕ್ಕೆ? ಕಂಬದ ಮೇಲೆ ಕಟ್ಟಿದ ಹಾರ್ನಿಗೆ. ಹಾರ್ನ್ ಎಂಬುದು ಊರಾಚೆಯ ಹೊಲದಲ್ಲಿದ್ದವನನ್ನು ಊಟಕ್ಕೆ ಕರೆಯಲು ಹುಟ್ಟಿದ ಸಾಮಾನು. ಚೀರುವ ದನಿಯೆಲ್ಲ ಅದಕ್ಕೆ ಸಲೀಸು, ತಳದ ದನಿ ಅದರ ಗಂಟಲಿನಿಂದ ಹೊರಗೇ ಬರುವುದಿಲ್ಲ. ನಾನು ಅದನ್ನು ಯೋಚಿಸಲಿಲ್ಲ, ಯಾಕೆಂದರೆ ಪ್ರತಿ ಸಲವೂ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಕಾರ್ಯಕ್ರಮಕ್ಕೆ ಮುಂಚೆ ಅವನು ಒಂದು ತಂತಿ ಮೀಟುತ್ತಿದ್ದ. ನಾನು ಮೈಕಿನಲ್ಲಿ, "ಬೇಸ್ ಐತೇನ್ರಿ?" ಎಂದು ಕೂಗುತ್ತಿದ್ದೆ. ಕಡೇ ಸಾಲಿನಿಂದಲೂ ಒಕ್ಕೊರಲಿನ ಉತ್ತರ ಬರುತ್ತಿತ್ತು: "ಬೇಸ್ ಐತ್ರಿ."

ಕುಷ್ಟಗಿಯಲ್ಲಿ ಬೇಸ್ ಇತ್ತು, ಗಂಗಾವತಿಯಲ್ಲಿ ಬೇಸ್ ಇತ್ತು, ಹೇಮಗುಡ್ಡದ ಕೆಳಗೆ ಗಾಳಿಗೆ ಪೆಂಡಾಲ್ ಹಾರಿದ ದಿನವೂ ಬೇಸ್ ಇತ್ತು. ನಮ್ಮ ಜನ ಸಂಭಾವಿತರು. ಚೆನ್ನಾಗಿದೆಯೇ ಎಂದು ಕೇಳಿದವನಿಗೆ ಇಲ್ಲ ಎನ್ನುವುದಿಲ್ಲ.

ಹೀಗೆ ನಡೆದೇ ಹೋಗುತ್ತಿತ್ತೇನೋ. ಆದರೆ ಸಾಹುಕಾರರು ಯಾವುದೋ ಮದುವೆಗೆ ಹುಬ್ಬಳ್ಳಿಗೆ ಹೋಗಿ, ಅಲ್ಲಿನ ದೊಡ್ಡ ಆರ್ಕೆಸ್ಟ್ರಾ ಕೇಳಿ ಬಂದರು. ಬಂದವರೇ ನೇರವಾಗಿ ನನ್ನ ಅಂಗಡಿಗೆ. ನೇಕಾರನೂ ಅಲ್ಲೇ ಕೂತಿದ್ದ.

"ಅಲ್ಲಿ ಬೇಸ್ ಬಾರಿಸಿದ್ರ ಎದಿಗೆ ಗುದ್ದಿದಂಗ ಆಕ್ಕಿತ್ತು. ನಿಂದು ಇಷ್ಟು ದಿನ ಒಮ್ಮಿನೂ ಕೇಳಿಸಿಲ್ಲಲ್ಲೋ" ಎಂದರು ಅವನಿಗೆ.

"ಮಂದಿ ಬೇಸ್ ಐತಿ ಅಂತಾರಲ್ರಿ" ಎಂದ ಅವನು.

ಸಾಹುಕಾರರು ನನ್ನ ಕಡೆ ನೋಡಿದರು. ನಾನು ಸರ್ಟಿಫಿಕೇಟಿನ ಕಡೆ ನೋಡಿದೆ. ಆಗ, ಆ ಕ್ಷಣಕ್ಕೆ, ಮಂದಿ ಅಂದ ಬೇಸ್ ಯಾವುದೆಂದು ಮೂವರಿಗೂ ಒಟ್ಟಿಗೇ ಅರ್ಥವಾಯಿತು. ನಗು ಬರಬೇಕಿತ್ತು, ಅವನ ಮುಖ ನೋಡಿ ಬರಲಿಲ್ಲ.

"ಯಲಬುರ್ಗಾದ ಮದುವಿ ಪ್ರೋಗ್ರಾಂ ಒಂದು ನೋಡ್ತೀನಿ" ಎಂದರು ಸಾಹುಕಾರರು. "ಕೇಳಿಸಿದ್ರ ಇರು. ಇಲ್ಲಾಂದ್ರ ಆ ಜಾಗಾದಾಗ ಮತ್ತೊಬ್ಬ ಡೋಲಕ್ಕಿನವನ್ನ ಕುಂದರಸ್ತೀನಿ."

ಅವನಿಗೆ ಪಾರ್ಟಿ ಬಿಟ್ಟರೆ ಬೇರೆ ಸಂಗೀತವಿರಲಿಲ್ಲ. ಮಗ್ಗಕ್ಕೆ ಹುಟ್ಟಿದವನು ವಾರಕ್ಕೊಂದು ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇದಿಕೆಯ ಮೇಲೆ ನಿಲ್ಲುತ್ತಿದ್ದ, ಅದೊಂದೇ ಅವನದು ಎನ್ನುವಂಥದ್ದು. ಅದನ್ನು ಕಳೆದುಕೊಳ್ಳುತ್ತಾನೆ ಎನ್ನುವುದು ನನಗೆ ಸಹಿಸಲಾಗಲಿಲ್ಲ. ಸಾಹುಕಾರರ ಮೇಲೆ ಸಿಟ್ಟು ಬಂತು, ಹಾರ್ನಿನ ಮೇಲೆ ಬಂತು, ಬೇಸ್ ಐತ್ರಿ ಎಂದ ಸಂಭಾವಿತರ ಮೇಲಂತೂ ಬಹಳ ಬಂತು.

ತಳದ ದನಿಗೆ ದೊಡ್ಡ ಸ್ಪೀಕರ್ ಬೇಕು, ಅದರ ಬೆನ್ನಿಗೆ ಮುಚ್ಚಿದ ಪೆಟ್ಟಿಗೆ ಬೇಕು. ಸ್ಪೀಕರನ್ನು ಮುಚ್ಚಿಹೋದ ಒಂದು ಟೂರಿಂಗ್ ಟಾಕೀಸಿನಿಂದ ತಂದೆ. ಇಲಿ ತಿಂದ ಅದರ ಕಾಗದದ ಕೋನಿಗೆ ಗೋಂದು, ರೇಷ್ಮೆ ಚೂರು ಅಂಟಿಸಿದೆ. ಪೆಟ್ಟಿಗೆಯನ್ನು ಮಾಡಿಕೊಟ್ಟದ್ದು ಒಬ್ಬ ಬಡಿಗ, ಕಪಾಟು ಮಾಡುವುದರಲ್ಲಿ ಎತ್ತಿದ ಕೈ. ಗಾಳಿಯಾಡದ ಪೆಟ್ಟಿಗೆ ಎಂದು ಮೂರು ಸಲ ಹೇಳಿದ್ದರೂ ಹಿಂದೆ ಎರಡು ಬಾಗಿಲು, ಒಂದು ಚಿಲಕ ಇಟ್ಟಿದ್ದ. "ಮುಂದ ಬ್ಯಾಡಾದ್ರ ಬಟ್ಟಿ-ಅರಬಿ ಇಡಾಕ ಬರ್ತೈತ್ರಿ" ಎಂದ. ಬಾಗಿಲಿಗೆ ಮೊಳೆ ಹೊಡೆಸಿದೆ. ಪರೀಕ್ಷೆ ಮಾಡೋಣವೆಂದರೆ ಕರೆಂಟ್ ಹೋಯಿತು, ಬರುವ ಮೊದಲೇ ಪಾರ್ಟಿಯ ವ್ಯಾನ್ ಬಂತು.

ವ್ಯಾನಿನ ಮೇಲೆ ಕಟ್ಟಿದ ಪೆಟ್ಟಿಗೆಗೆ ಯಲಬುರ್ಗಾದ ರಸ್ತೆ ತನ್ನ ಮರ್ಯಾದೆಯನ್ನು ಪೂರ್ತಿ ಸಲ್ಲಿಸಿತು. ಮದುವೆ ಮನೆ ಮುಟ್ಟಿ ಹಗ್ಗ ಬಿಚ್ಚಿದಾಗ ಬಾಗಿಲು ಬೇರೆ, ಚಿಲಕ ಬೇರೆ, ಪಕ್ಕೆಗಳು ಬೇರೆ. ಸ್ಪೀಕರ್ ಕೂರಿಸಿದ ಮುಂದಿನ ಹಲಗೆ ಮಾತ್ರ ಇಡಿಯಾಗಿ ಉಳಿದಿತ್ತು. ನೇಕಾರ ಮುರಿದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, "ಇರ್ಲಿ ಬಿಡ್ರಿ ಅಣ್ಣಾರ" ಎಂದು ಅಂಗಳದ ಕಲ್ಲಿನ ಮೇಲೆ ಕೂತ.

ಪೆಂಡಾಲ್ ಹಾಕಿದ್ದು ಮನೆಯ ಮುಂದಿನ ದೊಡ್ಡ ಅಂಗಳದಲ್ಲಿ. ಅದರ ಒಂದು ಮೂಲೆಯಲ್ಲಿ ಹಗೇವು, ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕೊಡದಾಕಾರದ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಮದುವೆಗೆಂದು ಜೋಳ ತೆಗೆದು ಖಾಲಿ ಮಾಡಿದ್ದರು, ಗಾಳಿಯಾಡಲೆಂದು ಮೇಲಿನ ಬಂಡೆ ಸರಿಸಿದ್ದರು. ನಾನು ಬಗ್ಗಿ ಅದರೊಳಗೆ "ಓ" ಎಂದೆ. ಒಳಗಿನಿಂದ ನನಗಿಂತ ಹಿರಿಯನೊಬ್ಬ "ಓ" ಎಂದ.

ಬಡಿಗನ ಕಪಾಟಿಗಿಂತ ನೂರು ಪಾಲು ಮೇಲಾದ ಪೆಟ್ಟಿಗೆ ಕಾಲ ಕೆಳಗೇ ಇತ್ತು. ಮನೆಯ ಯಜಮಾನರನ್ನು ಕೇಳಿದೆ. "ಹಗೇವಿಗೆ ಏನೂ ಆಗೂದಿಲ್ಲಲ್ರಿ?" ಎಂದು ಕೇಳಿ ಒಪ್ಪಿದರು. ಹಲಗೆಯನ್ನು ಹಗೇವಿನ ಬಾಯಿಯ ಮೇಲೆ ಸ್ಪೀಕರ್ ಆಕಾಶ ನೋಡುವಂತೆ ಮಲಗಿಸಿ, ಸುತ್ತಲಿನ ಸಂದಿಗೆ ಗೋಣಿತಟ್ಟು, ಹಸಿ ಮಣ್ಣು ಮೆತ್ತಿದೆವು. ಸಾಹುಕಾರರು ದೂರದಿಂದ ನೋಡಿ, ಸೌಂಡಿನವನಿಗೆ ಬಿಸಿಲು ಹತ್ತೈತಿ ಎಂದು ಯಾರಿಗೋ ಹೇಳಿದರು.

ಇಳಿಹೊತ್ತಿಗೆ ಕಾರ್ಯಕ್ರಮ ಶುರುವಾಯಿತು. ಮೊದಲ ಹಾಡಿಗೆ ಅವನು ಮೊದಲ ತಂತಿ ಮೀಟಿದ. ದನಿ ಬಂದದ್ದು ವೇದಿಕೆಯಿಂದಲ್ಲ, ನೆಲದಿಂದ. ಜಮಖಾನೆಯ ಮೇಲೆ ಕೂತವರು ಒಮ್ಮೆ ಎದ್ದು ತಮ್ಮ ಕೆಳಗೆ ನೋಡಿಕೊಂಡು ಮತ್ತೆ ಕೂತರು. ಮನೆಯ ಮುದುಕಿ ಹೊರಗೆ ಬಂದು, "ಜೋಳ ತಗದ್ರಿ, ನೋಡ್ರಿ, ಹಗೇವು ಹಸದು ಒದರಾಕತ್ತೈತಿ" ಎಂದಳು. ಅವನು ತಲೆ ಬಗ್ಗಿಸಿ ಬಾರಿಸುತ್ತಲೇ ಇದ್ದ. ತೂಕದ, ಅವಸರವಿಲ್ಲದ ಕೈ. ಒಂದು ಪೆಟ್ಟು ಆಚೆ ಇಲ್ಲ, ಈಚೆ ಇಲ್ಲ. ಇವನು ಇಷ್ಟು ಚಂದ ಬಾರಿಸುತ್ತಾನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಮುಂದಿನ ಸಾಲಿನ ಮುದುಕರು ತೊಡೆ ತಟ್ಟತೊಡಗಿದರು.

ಆ ತಟ್ಟುವಿಕೆಯಲ್ಲೇ ಗುಟ್ಟು ರಟ್ಟಾಯಿತು. ತಾಳ ನೆಲದಿಂದ ಸರಿಯಾಗಿ ಬರುತ್ತಿದ್ದಂತೆ, ಸಾಹುಕಾರರು ಎಲ್ಲೆಲ್ಲಿ ಓಡುತ್ತಾರೆ, ಎಲ್ಲೆಲ್ಲಿ ಉಸಿರು ಹಿಡಿಯಲು ಹಿಂದುಳಿಯುತ್ತಾರೆ ಎಂಬುದು ಮಕ್ಕಳಿಗೂ ತಿಳಿಯಿತು. ಅವರು ಹೆಣ್ಣಿನ ದನಿಗೆ ಹೊರಳಿದಾಗ ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಬಂತು. ಎರಡು ಹಾಡು ತಡೆದುಕೊಂಡರು. ಮೂರನೆಯದರ ನಡುವೆ ಮೈಕನ್ನು ಕೈಯಿಂದ ಮುಚ್ಚಿ ನನ್ನ ಕಡೆ ಬಗ್ಗಿದರು.

"ಆ ಹಗೇವು ಬಂದ್ ಮಾಡ್ರಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಸಾಹುಕಾರರಿಗೆ ಅಂದು ದೂರಲು ನಿಜವಾಗಿಯೂ ನೆಲವೇ ಸಿಕ್ಕಿತ್ತು. ಅವರ ಪಾರ್ಟಿ, ಅವರ ಮಾತು. ವಾಯರ್ ಕಿತ್ತೆ. ಅವನ ಬೆರಳುಗಳು ಹಾಡು ಮುಗಿಯುವವರೆಗೆ ಆಡುತ್ತಲೇ ಇದ್ದವು.

ಕಾರ್ಯಕ್ರಮ ಮುಗಿದ ಮೇಲೆ ಸಾಹುಕಾರರು ಅವನ ಹೆಗಲ ಮೇಲೆ ಕೈ ಇಟ್ಟರು. ಮಾತಿಗೆ ತಪ್ಪುವವರಲ್ಲ. "ಕೇಳಿಸ್ತು. ನಿನ್ನ ಜಾಗಾ ನಿಂದ. ಆದ್ರ ವಾಯರ್ ಹಚ್ಚೂದು ಬ್ಯಾಡ. ಪೋಸ್ಟರಿನ್ಯಾಗ ಹೆಸರು ಇರ್ಲಿ, ನೀ ಮೊದಲಿನಂಗ ನಿಂತು ಬಾರಿಸು" ಎಂದರು.

ಕೇಳಿಸದಿದ್ದರೆ ತೆಗೆಯುತ್ತೇನೆ ಎಂದವರು, ಕೇಳಿಸದಿದ್ದರೆ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದರು. ಅವನು ಒಪ್ಪುತ್ತಾನೆ ಎಂದೇ ನಾನು ತಿಳಿದಿದ್ದೆ. ಇಷ್ಟು ದಿನ ಮಾಡಿದ್ದೂ ಅದನ್ನೇ ತಾನೆ.

"ಇಲ್ರಿ, ಇನ್ನ ನನಗ ಆಗೂದಿಲ್ರಿ" ಎಂದ. ಸಿಟ್ಟಿನಿಂದಲ್ಲ, ಹಸಿವಿಲ್ಲ ಎಂದು ಎಲೆಯಿಂದ ಏಳುವವನ ಹಾಗೆ. ಗಿಟಾರನ್ನು ಪಂಚೆಯಲ್ಲಿ ಸುತ್ತಿಕೊಂಡು, ಸಾಹುಕಾರರಿಗೆ ನಮಸ್ಕಾರ ಮಾಡಿ, ವ್ಯಾನಿನ ಕಡೆ ಹೋಗದೆ ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಸಾಮಾನು ಹಾಗೇ ಬಿಟ್ಟು ಅವನ ಹಿಂದೆ ಹೋದೆ.

ಕೊಪ್ಪಳದ ಬಸ್ಸು ಹೊರಡುವುದರಲ್ಲಿತ್ತು. ಇನ್ನೂ ಬೆಳಕಿತ್ತು. ಅವನು ಕಿಟಕಿಯ ಪಕ್ಕ ಕೂತು, ಗಿಟಾರನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ. ನಾನು ಕೆಳಗೆ ನಿಂತು, ಬೇರೆ ಪಾರ್ಟಿ ನೋಡೋಣ, ಬೇರೆ ಪೆಟ್ಟಿಗೆ ಮಾಡಿಸೋಣ ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವನು ಅದನ್ನು ಕೇಳುತ್ತಿರಲಿಲ್ಲ.

"ಅಣ್ಣಾರ" ಎಂದ, "ಇಷ್ಟು ದಿನಾನೂ ನಾ ಹಿಂಗ ಬಾರಸ್ತಿದ್ನೇನ್ರಿ?"

"ಹೌದು ತಮ್ಮಾ, ಹಿಂಗ ಬಾರಸ್ತಿದ್ದಿ" ಎಂದೆ.

ಬಸ್ಸು ಹೊರಟಿತು. ವರ್ಷಗಟ್ಟಲೆ ಅವನ ಪಕ್ಕದಲ್ಲೇ ನಿಂತಿದ್ದೆ. ಅವನು ಬಾರಿಸಿದ್ದನ್ನು ನಾನು ಕೇಳಿದ್ದೂ ಅವನಂತೆಯೇ, ಅಂದು ಸಂಜೆ, ಎರಡೂವರೆ ಹಾಡು.