ಮೊಹರು ಹಾಕಿದ ಬಾವಿ

ಈ ಸಂಗತಿಯನ್ನು ಬರೆಯಬೇಕೆಂದು ಕಾಗದ ತೆಗೆದಿಟ್ಟು, ಒಂದು ಸಾಲೂ ಬರೆಯದೆ ಎದ್ದುಹೋದದ್ದು ಎಷ್ಟು ಸಲವೋ ನೆನಪಿಲ್ಲ. ನೌಕರಿಯಲ್ಲಿದ್ದೇನೆ ಎಂದು ಮೊದಲು ಮುಂದೂಡಿದೆ. ನಿವೃತ್ತನಾದ ಮೇಲೆ, ನಮ್ಮ ಸಾಹೇಬರು ಇನ್ನೂ ಇದ್ದಾರೆ, ಅವರ ಮನಸ್ಸು ನೋಯಬಾರದು ಎಂದು ಮುಂದೂಡಿದೆ. ಅವರು ತೀರಿಕೊಂಡು ಆರು ವರ್ಷವಾಯಿತು. ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ.

ಅದು 1934ನೆಯ ಇಸವಿ, ಮಹಾರಾಜರ ಕಾಲ. ನಾನು ಮಧುಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಎರಡನೆಯ ಗುಮಾಸ್ತನಾಗಿದ್ದೆ. ಹೈಸ್ಕೂಲು ಮುಗಿಸಿ ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಗಿತ್ತು. ಕ್ಯಾಂಪ್ ಫೈಲುಗಳು ನನ್ನ ಮೇಜಿನವು. ಅಧಿಕಾರಿಗಳು ಸರ್ಕೀಟು ಹೊರಟರೆ ಯಾವ ಬಂಗಲೆಯಲ್ಲಿ ಎಷ್ಟು ದಿನ, ಸಾಮಾನಿಗೆ ಎಷ್ಟು ಗಾಡಿ, ಹಾಲು ಯಾರ ಮನೆಯಿಂದ, ಸೌದೆ ಎಷ್ಟು, ನೀರು ಎಲ್ಲಿಯದು ಎಂದು ಒಂದು ಜಾಬಿತಾ, ಅಂದರೆ ಪಟ್ಟಿ, ತಯಾರಿಸಬೇಕಿತ್ತು. ಆ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಹಳೆಯ ಫೈಲು ಮುಂದಿಟ್ಟುಕೊಂಡು ಹೊಸದನ್ನು ಬರೆಯುವುದೇ ನನ್ನ ಜಾಣತನ.

ನಮ್ಮ ಸಾಹೇಬರು ಒಳ್ಳೆಯ ಮನುಷ್ಯ. ಅವರ ಹೆಂಡತಿಗೆ ಎರಡು ವರ್ಷದಿಂದ ಕೆಮ್ಮು. ಚಳಿಗಾಲವನ್ನು ಒಣಹವೆಯ ಊರಿನಲ್ಲಿ ಕಳೆಯಬೇಕೆಂದು ಡಾಕ್ಟರು ಹೇಳಿದ್ದರು. ಆಕೆ ಯಾವುದೋ ಪತ್ರಿಕೆಯಲ್ಲಿ ರಜಪೂತಾನದ ಮರಳುಗಾಡಿನ ಊರೊಂದರ ಚಿತ್ರ ನೋಡಿ, ಅಲ್ಲಿಗೇ ಹೋಗಬೇಕೆಂದು ಆಸೆಪಟ್ಟಿದ್ದರಂತೆ. ಅಷ್ಟು ದೂರದ ರೈಲು ಪ್ರಯಾಣ ಆ ದೇಹಕ್ಕೆ ಆಗುವಂಥದ್ದಲ್ಲ.

ಒಂದು ದಿನ ಸಾಹೇಬರು ನನ್ನನ್ನು ಕರೆದು, "ನಮ್ಮ ಕಡೆ ಅಂಥ ಊರು ಯಾವುದಾದರೂ ಇದೆಯೇನಯ್ಯಾ?" ಎಂದರು.

"ಪಾವಗಡ ಇದೆ ಸ್ವಾಮಿ" ಎಂದೆ. ಬೋಳು ಬಂಡೆಯ ಬೆಟ್ಟ, ಅದರ ಮೇಲೆ ಕೋಟೆ, ಧನುರ್ಮಾಸದಲ್ಲಿ ಒಂದು ತುಣುಕು ಮೋಡವಿಲ್ಲದ ಆಕಾಶ, ಸಂಜೆಯ ಬಿಸಿಲಿಗೆ ಬಂಡೆಯೆಲ್ಲ ಚಿನ್ನದ ಬಣ್ಣ. ನಾನು ವರ್ಣಿಸುತ್ತ ಹೋದಂತೆ ಅವರ ಮುಖ ಅರಳಿತು. ಡಿಸೆಂಬರ್ 15ರಿಂದ ಇಪ್ಪತ್ತು ದಿನ ಎಂದು ನಿಶ್ಚಯವಾಯಿತು.

ಹೊರಗೆ ಬಂದಾಗ ಹೆಡ್ ಗುಮಾಸ್ತರು ಮೂಗಿಗೆ ನಶ್ಯ ಏರಿಸುತ್ತ ನಕ್ಕರು. "ಪಾವಗಡಕ್ಕೆ ವರ್ಗ ಆಯ್ತೂಂತ ಅಳೋರನ್ನ ನೋಡಿದೀನಿ ಕಣಯ್ಯ. ಹವಾ ತಗೊಳ್ಳೋಕೆ ಹೋಗೋರನ್ನ ಇವತ್ತೇ ಕಂಡದ್ದು. ಮರಳುಗಾಡು ಅಂದಮೇಲೆ ಒಂಟೆ ಬೇಡವೇ? ನೀನೇ ನಿಂತ್ಕೋ ಬಿಡು, ಕತ್ತು ಉದ್ದ ಇದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಮಾರ್ಚಿಯಲ್ಲಿ ನಿವೃತ್ತರಾಗುವವರು. ಅವರ ಕುರ್ಚಿಯ ಮೇಲೆ ನನಗೆ ಕಣ್ಣಿತ್ತು. ಈ ಕ್ಯಾಂಪ್ ಚೆನ್ನಾಗಿ ನಡೆದರೆ ಅದು ನನ್ನದು ಎಂದು ಒಳಗೇ ಎಣಿಸಿದ್ದೆ.

ಹಳೆಯ ಫೈಲಿನಲ್ಲಿ ಒಂದು ಟಿಪ್ಪಣಿ ಇತ್ತು. ಹಿಂದೆ ಅಲ್ಲಿ ತಂಗಿದ್ದ ಅಧಿಕಾರಿಯೊಬ್ಬರು, ಬಂಗಲೆಯ ಬಾವಿಯಲ್ಲಿ ಜನ ಸೇದಿ ಸೇದಿ ನೀರು ರಾಡಿಯಾಗುತ್ತದೆ ಎಂದು ದೂರಿದ್ದರು. ಆ ತಪ್ಪು ಮರುಕಳಿಸಬಾರದೆಂದು ಡಿಸೆಂಬರ್ 10ರಂದು ನಾನೇ ಪಾವಗಡಕ್ಕೆ ಹೋದೆ. ಮಧುಗಿರಿಯಿಂದ ಮಿಡಿಗೇಶಿಯ ಮೇಲೆ ಸುಮಾರು ಮೂವತ್ತೈದು ಮೈಲಿ.

ಬಂಗಲೆ ಪೇಟೆಯ ಅಂಚಿನಲ್ಲಿತ್ತು. ಅದರ ಆವರಣದ ಬಾವಿಯೇ ಆ ಕಡೆಗೆಲ್ಲ ಒಂದೇ ಸಿಹಿನೀರಿನ ಬಾವಿ. ಉಳಿದವು ಚವುಳು ನೀರಿನವು. ಬಾಯಿಗಿಟ್ಟರೆ ನಾಲಿಗೆ ಒರಟಾಗುವಷ್ಟು ಉಪ್ಪು. ಪಕ್ಕದ ಕೇರಿಯ ಮೂವತ್ತು ಮನೆಗಳವರು ಈ ಬಾವಿಯಲ್ಲಿ ಸರದಿಯ ಮೇಲೆ ಮನೆಗೆ ಎರಡೆರಡು ಕೊಡ ಸೇದುತ್ತಿದ್ದರು. ಸರದಿ ನೋಡಿಕೊಳ್ಳುತ್ತಿದ್ದವಳು ಬಂಗಲೆಯ ಕಾವಲುಗಾರ ಓಬಳಪ್ಪನ ಹೆಂಡತಿ. ಅಲ್ಲೊಂದು ಪದ್ಧತಿ ಇತ್ತು. ಬೆಳಗ್ಗೆ ಸೇದಿದ ಮೊದಲ ಕೊಡ, ಇಡೀ ಇರುಳು ತಿಳಿಗಟ್ಟಿದ ನೀರು, ಕೇರಿಯಲ್ಲಿ ಬಾಣಂತಿ ಇರುವ ಮನೆಗೆ ಹೋಗಬೇಕು. ಅದು ಯಾರ ಮನೆಯಾದರೂ ಸರಿ, ಯಾರೂ ಎದುರಾಡುತ್ತಿರಲಿಲ್ಲ.

ನಾನು ಬಾವಿಯ ಸುತ್ತಲಿನ ಗೋಡೆಯ ಬಾಗಿಲಿಗೆ ಕಚೇರಿಯ ಹಿತ್ತಾಳೆ ಬೀಗ ಹಾಕಿಸಿ, ಅದರ ಮೇಲೆ ಅರಗು ಕರಗಿಸಿ ಮೊಹರು ಒತ್ತಿದೆ. ಸಾಹೇಬರು ಬರುವ ಹೊತ್ತಿಗೆ ನೀರು ತುಂಬಿ ತಿಳಿಯಾಗಬೇಕು. ಕ್ಯಾಂಪ್ ಮುಗಿಯುವವರೆಗೆ ಬಂಗಲೆಗೆ ಮಾತ್ರ ಸಿಹಿನೀರು. ಕೇರಿಯವರು ಹಳ್ಳದ ಚಿಲುಮೆಗೆ, ಎಂದರೆ ಮರಳು ತೋಡಿದ ಗುಂಡಿಗೆ, ಹೋಗಬೇಕೆಂದು ಸಾರಿದೆ. ಮೊಹರು ಒಡೆಯಗೊಡುವುದಿಲ್ಲ ಎಂಬ ಮುಚ್ಚಳಿಕೆಗೆ ಓಬಳಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಕೊಡ ಹಿಡಿದು ನಿಂತಿದ್ದ ಹೆಂಗಸರಲ್ಲಿ ಗುಜುಗುಜು ಎದ್ದಿತು. "ಏಮಮ್ಮ ಇದಿ, ಆ ದೊರೆಸಾನಿಗೆ ಬಾಯಿ ತೊಳ್ಯಾಕೆ ಒಂದ್ ಇಡೀ ಬಾವಿ ಬೇಕಾ?" ಎಂದಳು ಒಬ್ಬಳು. "ಅದೆಂಥ ಬಾಯೇ ತಾಯಿ, ಕ್ವಾಟೆ ಬಾಗ್ಲಿದ್ದಂಗೈತೇನೋ" ಎಂದಳು ಇನ್ನೊಬ್ಬಳು. ನಾನು ಕೇಳಿಸದವನಂತೆ ಅರಗು ಆರಿದೆಯೇ ಎಂದು ಊದುತ್ತಿದ್ದೆ.

ಓಬಳಪ್ಪನ ಹೆಂಡತಿ ನಗಲಿಲ್ಲ. ಹತ್ತಿರ ಬಂದು ಕೈ ಜೋಡಿಸಿದಳು.

"ಸಾಮಿ, ಎಲ್ರದೂ ಬುಡಿ. ಮೊದಲ್ನೇ ಕೊಡ ಒಂದ್ ಬುಟ್ಕೊಡಿ. ನನ್ ಮಗ್ಳು ಬಾಣ್ತಿ ಸಾಮಿ, ಒಂಬತ್ ದಿನ ಆಗೈತೆ. ಚಿಲುಮೆ ನೀರ್ಗೆ ದನ ಇಳೀತಾವೆ, ಅದ್ನ ಹೆಂಗ್ ಕುಡ್ಸಾನ?"

"ಕಾಯಿಸಿ ಕುಡಿಸು" ಎಂದೆ.

"ಕಾಸಿದ್ರೆ ಕೆಸ್ರು ಹೋಗ್ತೈತಾ ಸಾಮಿ? ಒಂದೇ ಕೊಡ. ನಿಮ್ ದೊರೆಸಾನಮ್ಮೋರೂ ಹೆಂಗ್ಸೇ ಅಲ್ವಾ, ಕೇಳಿದ್ರೆ ಬ್ಯಾಡ ಅಂತಾರಾ?"

ಅವರು ಬೇಡ ಎನ್ನುತ್ತಿರಲಿಲ್ಲ. ಆಗಲೂ ನನಗೆ ಅದು ಗೊತ್ತಿತ್ತು. ಆದರೆ ಒಬ್ಬರಿಗೆ ಬಿಟ್ಟರೆ ಮೂವತ್ತು ಮನೆಗೂ ಬಿಡಬೇಕಾದೀತು, ಜಾಬಿತಾದಲ್ಲಿ 'ಬಂಗಲೆಗೆ ಮಾತ್ರ' ಎಂದು ಬರೆದಾಗಿದೆ ಎಂದು ಯೋಚಿಸಿದೆ. "ನಾಲ್ಕು ದಿನ ತಡೆದುಕೋ, ಅವರು ಬಂದ ಮೇಲೆ ನೋಡೋಣ" ಎಂದು ಬೀಗದ ಕೈ ಜೇಬಿಗಿಟ್ಟುಕೊಂಡು ಮಧುಗಿರಿಗೆ ಹಿಂದಿರುಗಿದೆ.

ಡಿಸೆಂಬರ್ 14ರಂದು ಸಾಹೇಬರ ಹೆಂಡತಿಗೆ ಕಾಯಿಲೆ ಹೆಚ್ಚಿತು. ಆಕೆಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಅವಸರದಲ್ಲಿ ಸಾಹೇಬರು ಒಂದು ಚೀಟಿ ಬರೆದುಕೊಟ್ಟರು: 'ಪಾವಗಡದ ಕ್ಯಾಂಪ್ ಮುಂದಿನ ಆದೇಶದವರೆಗೆ ಮುಂದೂಡಲಾಗಿದೆ.' ಅದನ್ನು ಫೈಲಿಗೆ ಸೇರಿಸಿದೆ. ಬೀಗದ ಕೈಯನ್ನು ಕೆಂಪು ದಾರದಿಂದ ಅದೇ ಫೈಲಿಗೆ ಕಟ್ಟಿ ಮೇಜಿನ ಖಾನೆಯಲ್ಲಿಟ್ಟೆ.

ನನ್ನ ತಪ್ಪು ಇಲ್ಲಿದೆ. ಮುಂದೂಡಲಾಗಿದೆ ಎಂದಿತ್ತೇ ಹೊರತು ರದ್ದಾಗಿದೆ ಎಂದಿರಲಿಲ್ಲ. ಕ್ಯಾಂಪ್ ರದ್ದಾಗದೆ ಅದರ ಏರ್ಪಾಡು ಬಿಚ್ಚುವಂತಿಲ್ಲ. ಗುಮಾಸ್ತನ ತಲೆಗೆ ಇದು ಹಗಲಿನಷ್ಟು ಸ್ಪಷ್ಟ. ಪಾವಗಡದಲ್ಲಿ ಯಾರೂ ನಮ್ಮ ಕಚೇರಿಯ ಮೊಹರು ಮುಟ್ಟುವಂತಿರಲಿಲ್ಲ. ಅದನ್ನು ಒಡೆದರೆ ಓಬಳಪ್ಪನ ಕೆಲಸ ಹೋಗುತ್ತಿತ್ತು.

19ರ ಟಪಾಲಿನಲ್ಲಿ ಒಂದು ಅರ್ಜಿ ಬಂತು. ಪೇಟೆಯಲ್ಲಿ ಯಾರ ಕೈಯಲ್ಲೋ ಬರೆಸಿದ್ದು, ಆರೇ ಸಾಲು. ಸಾಹೇಬರು ಬರಲಿಲ್ಲವೆಂದೂ, ಬಾವಿ ಮೊಹರಿನಲ್ಲೇ ಇದೆಯೆಂದೂ, ಬಾಣಂತಿಗೆ ಭೇದಿ ಹಿಡಿದು ಎದೆಹಾಲು ಬತ್ತುತ್ತಿದೆಯೆಂದೂ, ದಿನಕ್ಕೆ ಒಂದು ಕೊಡ ನೀರು ಬಿಡಬೇಕೆಂದೂ ಇತ್ತು. ಕೆಳಗೆ 'ಬಂಗಲೆ ಕಾವಲುಗಾರ ಓಬಳಪ್ಪನ ಹೆಂಡತಿ' ಎಂದು ಬರೆದು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು.

ನಾನು ಅದನ್ನು ಎರಡು ಸಲ ಓದಿದೆ. ಓದಲಿಲ್ಲ, ನೋಡಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ. ಅಂಚಿನಲ್ಲಿ ದುಂಡಾದ ಅಕ್ಷರದಲ್ಲಿ, 'ಸಾಹೇಬರು ಬಂದ ಮೇಲೆ ಮಂಡಿಸುವುದು' ಎಂದು ಬರೆದು ರುಜು ಹಾಕಿದೆ. ಆ ಅರ್ಜಿಯನ್ನು ಇಟ್ಟ ಖಾನೆಯಲ್ಲೇ, ಒಂದು ಗೇಣು ದೂರದಲ್ಲಿ, ಬೀಗದ ಕೈ ಇತ್ತು.

26ರಂದು ಬೆಂಗಳೂರಿನಿಂದ ಕಾಗದ ಬಂತು. ಕ್ಯಾಂಪ್ ರದ್ದು. ಮರುದಿನ ನಾನು ಪಾವಗಡಕ್ಕೆ ಹೋದೆ. ಬಂಗಲೆ ತಲುಪಿದಾಗ ನಡುಹಗಲು. ಓಬಳಪ್ಪ ಜಗಲಿಯ ಮೇಲೆ ಕುಳಿತಿದ್ದವನು ಎದ್ದು ನಿಂತ. ನಾನು ಕೇಳುವ ಮೊದಲೇ ಹೇಳಿದ.

"ಮಗು ಹೋಯ್ತು ಸಾಮಿ. ಮೊನ್ನೆ. ಮಗ್ಳು ಬದ್ಕವ್ಳೆ."

ನಾನು ಬಾವಿಯ ಕಡೆ ನಡೆದೆ. ಮೊಹರು ಒಡೆದು ಬೀಗ ತೆಗೆದೆ. ಹದಿನೇಳು ದಿನ ಯಾರೂ ಕೈಹಾಕದ ಬಾವಿ ಮೇಲಿನ ಮೆಟ್ಟಿಲಿನವರೆಗೆ ತುಂಬಿ ನಿಂತಿತ್ತು. ಆ ನೆಲದಲ್ಲಿ ಚಳಿಗಾಲದಲ್ಲಿ ಅಷ್ಟು ನೀರನ್ನು ಕೇರಿಯವರೂ ಕಂಡಿರಲಿಲ್ಲವಂತೆ. ಬಂಡೆಬೆಟ್ಟ, ಕೋಟೆಯ ಗೋಡೆ, ಆಕಾಶ, ನಾನು ಸಾಹೇಬರಿಗೆ ವರ್ಣಿಸಿದ್ದೆಲ್ಲ ಅದರಲ್ಲಿ ಅಲುಗದೆ ಕಾಣುತ್ತಿತ್ತು.

ಹೆಂಗಸರು ಬಂದರು. ಈ ಸಲ ಯಾರೂ ಗೇಲಿ ಮಾಡಲಿಲ್ಲ. ಓಬಳಪ್ಪನ ಹೆಂಡತಿಗೆ ದಾರಿ ಬಿಟ್ಟು ನಿಂತರು. ಅವಳು ಮೊದಲ ಕೊಡ ಸೇದಿ ಕಟ್ಟೆಯ ಮೇಲಿಟ್ಟಳು. ಆಮೇಲೆ ಒಂದು ಚೊಂಬಿಗೆ ಬಗ್ಗಿಸಿ ನನ್ನ ಮುಂದೆ ಹಿಡಿದಳು.

"ಬಿಸ್ಲಾಗ್ ಬಂದಿದ್ದೀರಿ. ಕುಡೀರಿ ಸಾಮಿ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕು ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಾನು ಕುಡಿದೆ. ನಿಜಕ್ಕೂ ಬಾಯಾರಿತ್ತು. ಚೊಂಬು ಹಿಂದಿರುಗಿಸುವಾಗ 'ತಪ್ಪಾಯಿತು' ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂತು. ಇಷ್ಟು ಜನರೆದುರು ಸರ್ಕಾರಿ ಗುಮಾಸ್ತ ಹೇಗೆ ಆಡುವುದು ಎಂದು ನುಂಗಿಕೊಂಡೆ. ಬೀಗ ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟೆ.

ಸಾಹೇಬರು ಜನವರಿಯಲ್ಲಿ ಹಿಂದಿರುಗಿದರು. "ಅಲ್ಲಿ ನೀರಿಗೆ ತೊಂದರೆ ಇತ್ತೇನಯ್ಯಾ?" ಎಂದು ಒಮ್ಮೆ ಕೇಳಿದರು. "ಇಲ್ಲ ಸ್ವಾಮಿ, ಬಾವಿ ತುಂಬಿತ್ತು" ಎಂದೆ. ಅರ್ಜಿಯನ್ನು ಮಂಡಿಸಲಿಲ್ಲ. ಮಾರ್ಚಿಯಲ್ಲಿ ಹೆಡ್ ಗುಮಾಸ್ತನಾದೆ.

ಮಗು ಸತ್ತದ್ದು ಆ ನೀರಿನಿಂದಲೇ ಎಂದು ಯಾವ ವೈದ್ಯನೂ ಬರೆದುಕೊಟ್ಟಿಲ್ಲ. ಬಹಳ ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡೆ. ವಯಸ್ಸಾದಂತೆ ಆ ಸಮಾಧಾನ ನಿಲ್ಲಲಿಲ್ಲ. ಅವಳು ಕೇಳಿದ್ದು ವೈದ್ಯರ ಅಭಿಪ್ರಾಯವನ್ನಲ್ಲ, ಒಂದು ಕೊಡ ನೀರನ್ನು.

ಉಳಿದ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ 'ಮುಂದಿನ ಆದೇಶದವರೆಗೆ' ಎಂದು ನಾನು ಬರೆಯಲಿಲ್ಲ. ಆ ಆದೇಶವನ್ನು ಯಾರು, ಯಾವ ದಿನದೊಳಗೆ ಕೊಡಬೇಕು ಎಂದು ಬರೆದೆ. ಕೈಕೆಳಗಿನವರಿಗೂ ಹಾಗೆಯೇ ಬರೆಯಲು ಕಲಿಸಿದೆ. ಏಕೆಂದು ಹೇಳಲಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಕಲಿಯಬೇಕಾದ ಇನ್ನೊಂದನ್ನು ಕಲಿಯಲಿಲ್ಲ. ಪಾವಗಡ ಮೂವತ್ತೈದೇ ಮೈಲಿ ದೂರದಲ್ಲಿತ್ತು, ಬಸ್ಸೂ ಇತ್ತು. ಹೋಗಿ ಒಂದು ಮಾತು ಹೇಳಿ ಬರುವುದನ್ನು ಅವಳು ಇರುವವರೆಗೂ ಮುಂದೂಡಿದೆ.

ನಮ್ಮ ಫೈಲಿನಲ್ಲಿ ಎಲ್ಲಿ ಹುಡುಕಿದರೂ ಅವಳು ಓಬಳಪ್ಪನ ಹೆಂಡತಿ ಮಾತ್ರ. ಅವಳ ಹೆಸರು ಹನುಮಕ್ಕ.