ಅಪ್ಪನ ಮಗ್ಗದ ಸದ್ದು

ಕಳೆದ ಭಾನುವಾರ ನಮ್ಮಮ್ಮ ಜೀವನದಲ್ಲಿ ಮೊದಲ ಸಲ ಕಂಪ್ಯೂಟರ್ ಗೇಮ್ ಆಡಿದರು. ಔಟಾದದ್ದು ಮಾತ್ರ ನಾನು!

ಗೇಮ್ ಮಾಡಿದವಳು ಅಣ್ಣನ ಮಗಳು ಸಿರಿ. ಅದರಲ್ಲಿ ಗುಂಡು ಹಾರಿಸುವುದಿಲ್ಲ, ಪಾಯಿಂಟ್ಸ್ ಇಲ್ಲ. ಬಿನ್ನಿಪೇಟೆಯ ಗಲ್ಲಿಗಳಲ್ಲಿ ಒಬ್ಬ ಪುಟ್ಟ ಹುಡುಗಿ ಓಡಾಡುತ್ತಾಳೆ, ಅಷ್ಟೇ. ವಠಾರ, ನಲ್ಲಿ ಮುಂದಿನ ಜಗಳ, ಕೊನೆಗೆ ಅಪ್ಪ ಕೆಲಸ ಮಾಡುವ ಬಟ್ಟೆ ಮಿಲ್ಲು. (ಮಿಲ್ಲು ಮುಚ್ಚಿ ಈಗ ಅಲ್ಲಿ ಅಪಾರ್ಟ್‌ಮೆಂಟು. ‘ಯಾರ ಮನೆಗೆ ಮೇಡಂ?’ ಎನ್ನುತ್ತಾರೆ ಸೆಕ್ಯೂರಿಟಿಯವರು.)

ಆ ಹುಡುಗಿ ನಾನೇ, ನೆನಪುಗಳೆಲ್ಲ ನಾನು ಕೊಟ್ಟವು. ಕೊನೆಯ ದೃಶ್ಯದಲ್ಲಿ ಮಗ್ಗಗಳು ಅಬ್ಬರಿಸುತ್ತವೆ, ನಡುವೆ ಅಪ್ಪ ತಿರುಗಿ ನೋಡಿ ನಗುತ್ತಾರೆ. ಅವರು ತೀರಿಕೊಂಡ ಮೇಲೆ ನನ್ನಲ್ಲಿ ಮಾಸದೆ ಉಳಿದ ಚಿತ್ರ ಅದೊಂದೇ.

ಬಸವೇಶ್ವರನಗರದ ನಮ್ಮ ಹಾಲ್‌ನಲ್ಲಿ ಕೂತು ಅಮ್ಮ ಅಲ್ಲಿಗೆ ತಲುಪಿದರು. ಕನ್ನಡಕ ಸರಿ ಮಾಡಿಕೊಂಡರು.

“ಇದೇನೇ ಸಿರಿ, ಮಗ್ಗ ಓಡ್ತಾ ಇದೆ?”

“ಅತ್ತೆನೇ ಹೇಳಿದ್ದು ಅಜ್ಜಿ.”

“ನಿಮ್ಮತ್ತೆ ತಲೆ! ಮಕ್ಕಳನ್ನ ಒಳಗೆ ಬಿಡ್ತಿದ್ದಿದ್ದು ಆಯುಧಪೂಜೆ ದಿನ ಮಾತ್ರ ಕಣೇ. ಅವತ್ತು ಮಗ್ಗ ಯಾರು ಓಡಿಸ್ತಾರೆ? ಹೂ ಹಾಕಿ, ಕುಂಕುಮ ಇಟ್ಟು ನಿಲ್ಲಿಸಿರ್ತಿದ್ರು.”

ಸದ್ದು ಇನ್ನೂ ಕಿವಿಯಲ್ಲೇ ಇದೆ ಎಂದು ವಾದಿಸಿದೆ. ಒಳಗೊಳಗೇ ಹೆದರಿದೆ. ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿದವಳು. ನೆನಪನ್ನು ಸುಲಭಕ್ಕೆ ನಂಬಬೇಡಿ ಎಂದು ಇದೇ ಅಂಕಣದಲ್ಲಿ ನಿಮಗೆ ಕೊರೆದವಳು. ಸದ್ದು ಸುಳ್ಳಾದರೆ ಆ ನಗುವೂ ಸುಳ್ಳೇ?

“ಅತ್ತೆ, ಸೀನ್ ಡಿಲೀಟ್ ಮಾಡ್ಲಾ?” ಸಿರಿ ಮೆಲ್ಲಗೆ ಕೇಳಿದಳು.

ಅಮ್ಮ ನನ್ನ ಮುಖ ನೋಡಿದರು. “ತಾಳೇ, ಸದ್ದು ಇತ್ತು. ಮಗ್ಗ ಯಾಕೆ ಸುಮ್ನಿದೆ ಅಂತ ಇವಳು ಒಂದೇ ಸಮ ಅಳು. ಅದಕ್ಕೆ ನಿಮ್ಮ ತಾತ ಪಕ್ಕದಲ್ಲಿ ನಿಂತು ಬಾಯಲ್ಲೇ ಓಡಿಸಿದ್ರು. ದಡಕ್ ಪಡಕ್, ದಡಕ್ ಪಡಕ್! ಹಬ್ಬದ ಶರ್ಟ್ ಬೇರೆ. ಸೂಪರ್‌ವೈಸರ್ ಬಿದ್ದು ಬಿದ್ದು ನಕ್ಕಿದ್ರು.”

ಸಿರಿ ಮಗ್ಗದ ಸದ್ದು ಅಳಿಸಿದಳು. ಅಜ್ಜಿಯ ಬಾಯಿಂದಲೇ ‘ದಡಕ್ ಪಡಕ್’ ರೆಕಾರ್ಡ್ ಮಾಡಿಕೊಂಡಳು. ಮೂರು ಟೇಕ್. (ಒಂದರಲ್ಲಿ ಕೆಮ್ಮು.) ಗೇಮ್‌ನಲ್ಲಿ ಈಗ ಮಗ್ಗಗಳು ಹೂ ಮುಡಿದು ನಿಂತಿವೆ, ಅಮ್ಮನ ಧ್ವನಿಯಲ್ಲಿ ಅಪ್ಪ ಮಗ್ಗ ಓಡಿಸಿ ನಗುತ್ತಾರೆ.

ನನಗೆ ಸಮಾಧಾನವಾಗಿದೆ. ಆದರೂ ಒಂದು ಮಾತು. ಇಷ್ಟು ವರ್ಷಗಳಲ್ಲಿ ಅಮ್ಮ ಈ ಪ್ರಸಂಗವನ್ನು ಒಮ್ಮೆಯೂ ಹೇಳಿರಲಿಲ್ಲ. ಮರೆತಿದ್ದರೇ? ಅಥವಾ ನಾನು ಪೆಚ್ಚಾದದ್ದು ಕಂಡು ಅಲ್ಲೇ ಕಥೆ ನೇಯ್ದರೇ?

ಅಮ್ಮ ಪಕ್ಕದ ರೂಮಿನಲ್ಲೇ ಇದ್ದಾರೆ. ನೀವಾಗಿದ್ದರೆ ಹೋಗಿ ಕೇಳುತ್ತಿದ್ದಿರಾ?