ಒಂದನೇ ನಂಬರಿನ ತಕರಾರು

ನಮ್ಮ ಮಾವ ನಾರಾಯಣಪೇಟೆಯ ನಮ್ಮ ಮನೆಯ ಹೊಸ್ತಿಲು ತುಳಿಯದೆ ಇದ್ದದ್ದಕ್ಕೆ ಒಂದು ಹಾಡು ಕಾರಣ. ಅದೂ ಅವರು ಕೇಳಿದ ಹಾಡಲ್ಲ, ಕೇಳದೆ ಉಳಿದ ಹಾಡು. ಲೋಕದಲ್ಲಿ ಬೀಗರು ಹೊಲಕ್ಕೆ, ಬಂಗಾರಕ್ಕೆ ಮುನಿಸಿಕೊಳ್ಳುತ್ತಾರೆ. ನಮ್ಮ ಮನೆತನ ಅಷ್ಟು ಸಾಧಾರಣದ್ದಲ್ಲ.

ಮಾವ ಎಂದರೆ ಅಪ್ಪನ ತಂಗಿಯ ಗಂಡ, ಗದ್ವಾಲದವರು. ಮದುವೆಯಾದ ವರ್ಷ ಎಳ್ಳಮಾವಾಸ್ಯೆಗೆ ಹೊಸ ಅಳಿಯನೆಂದು ಅವರನ್ನು ನಮ್ಮ ಮನೆಗೆ ಕರೆಸಿದ್ದರು. ನಾನಾಗ ತೊಟ್ಟಿಲಲ್ಲಿದ್ದೆ. ಆದ್ದರಿಂದ ಈ ಪ್ರಸಂಗವನ್ನು ಎರಡೂ ಪಕ್ಷಗಾರರ ಬಾಯಿಂದ ಕೇಳಿ, ಎರಡರಲ್ಲೂ ಕೂಡಿಬಂದ ಮಾತುಗಳನ್ನಷ್ಟೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಆ ಕಾಲದಲ್ಲಿ ವಾರಕ್ಕೊಮ್ಮೆ ರೇಡಿಯೊದಲ್ಲಿ ಹಿಂದಿ ಸಿನಿಮಾ ಹಾಡುಗಳ ಪಂದ್ಯ ಬರುತ್ತಿತ್ತು. ಜನ ಮೆಚ್ಚಿದ ಹಾಡುಗಳನ್ನು ಅದರ ನಿರೂಪಕರು ಕೆಳಗಿನ ನಂಬರಿನಿಂದ ಒಂದೊಂದಾಗಿ ಮೇಲೇರಿಸಿ, ಎಲ್ಲರನ್ನೂ ತುದಿಗಾಲಲ್ಲಿ ನಿಲ್ಲಿಸಿ, ಕಟ್ಟಕಡೆಗೆ ಒಂದನೇ ನಂಬರಿನ ಹಾಡು ಹಾಕುತ್ತಿದ್ದರು. ವರ್ಷದ ಕೊನೆಗೆ ಇಡೀ ವರ್ಷದ ಪಂದ್ಯ. ಅದು ಆ ಹಬ್ಬದ ಸಂಜೆಯೇ ಬಂದಿತ್ತು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಮಾವ ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತು, ಒಂದೊಂದೇ ನಂಬರನ್ನು ತೂಗಿ ಕೇಳುತ್ತ ಎರಡನೆಯದರವರೆಗೆ ಬಂದಿದ್ದರು. ಆ ಹೊತ್ತಿಗೆ ಅಪ್ಪ ಒಳಗಿನಿಂದ ಬಂದ, ಕೈ ಚಾಚಿದ, ಟಕ್ಕನೆ ರೇಡಿಯೊ ಆರಿಸಿದ.

"ಸಾಕು, ಸೆಲ್ಲು ಇಳೀತಾವ," ಎಂದ.

ಅಪ್ಪನ ಸೆಲ್ಲುಭಕ್ತಿ ಓಣಿಗೆಲ್ಲ ಗೊತ್ತಿತ್ತು. ದಣಿದ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಒಣಹಾಕಿ, ಜೀವ ಬಂತೆಂದು ಮತ್ತೆ ತುಂಬುತ್ತಿದ್ದ. ಅವನ ಲೆಕ್ಕದಲ್ಲಿ ರೇಡಿಯೊ ಇದ್ದದ್ದು ವಾರ್ತೆಗೆ ಮತ್ತು ಶೇಂಗಾದ ಧಾರಣೆಗೆ. ಆದರೆ ಹೊಸ ಅಳಿಯನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಗಟ್ಟು ಕಡೆಯ ಸಣ್ಣ ಹಳ್ಳಿಯಿಂದ ಬಂದು ಗದ್ವಾಲದಲ್ಲಿ ನೆಲೆಸಿದವರು. ಪೇಟೆಯ ಬೀಗರು ತಮ್ಮನ್ನು ಇಷ್ಟರಲ್ಲೇ ಅಳೆದರು ಎಂದುಕೊಂಡರು. ಎದ್ದು ಚಪ್ಪಲಿ ಮೆಟ್ಟಿ ಬೀದಿಗಿಳಿದು ಘೋಷಿಸಿದರು.

"ಆ ಒಂದನೇ ನಂಬರ್ ಹಾಡು, ಅದ ಕಾರ್ಯಕ್ರಮದಾಗ, ಅದ ಬಾಯಿಲೆ ಹೇಳಿದ್ದು ನನ್ನ ಕಿವಿಲೆ ಕೇಳೋತನಕ ನಾ ಈ ಮನಿ ಒಳಗ ಕಾಲಿಡಾಂಗಿಲ್ಲ."

ಅಳಿಯ ಮುನಿಸಿಕೊಂಡರೆ ಹಿಂದೆ ಓಡಿ ಕೈಹಿಡಿದು ಕರೆತರುವುದು ನಮ್ಮಲ್ಲಿನ ದಸ್ತೂರು. ಅಪ್ಪ ಓಡಲಿಲ್ಲ. ಅಳಿಯ ಎಲೆಅಡಿಕೆಗೆ ಹೊರಟಿರಬೇಕು ಎಂದುಕೊಂಡು ಸೆಲ್ಲು ಬಿಚ್ಚುತ್ತ ಕೂತಿದ್ದ.

ಇದನ್ನು ವೈರವೆಂದು ಓದುಗರು ತಿಳಿಯಬಾರದು. ಅಪ್ಪ ಗದ್ವಾಲಕ್ಕೆ ಹೋಗಿ ವಾರಗಟ್ಟಲೆ ಇದ್ದು ಉಂಡು ಬರುತ್ತಿದ್ದ. ಮಕ್ತಲದ ಮದುವೆಗಳಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಬುಂದಿ ಹಾಕಿಸಿಕೊಳ್ಳುತ್ತಿದ್ದರು. ಅಜ್ಜಿ ತೀರಿಕೊಂಡಾಗಲೂ ಮಾವ ಬಂದು, ಬೀದಿಯಲ್ಲೇ ನಿಂತು ಅತ್ತು, ಹೆಗಲು ಕೊಟ್ಟರು. ಹೊಸ್ತಿಲೊಂದು ಮಾತ್ರ ಬಾಕಿ. ಹೊರಗಿನ ಕಟ್ಟೆಯ ಮೇಲಾದರೂ ಕೂಡಿರೆಂದರೆ, "ಕಟ್ಟೀನೂ ಮನಿ ಲೆಕ್ಕದಾಗ ಬರ್ತೈತಿ," ಎಂದು ತಾವೇ ಫೈಸಲಾ ಕೊಡುತ್ತಿದ್ದರು. ಆ ವರ್ಷದ ಒಂದನೇ ನಂಬರು ಯಾವುದೆಂದು ಯಾರಾದರೂ ಹೇಳಲು ಬಂದರೆ ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದರು. ಪರರ ಬಾಯಿಯ ಸಾಕ್ಷಿ ಅವರ ಕಚೇರಿಯಲ್ಲಿ ನಡೆಯುತ್ತಿರಲಿಲ್ಲ.

ಇಬ್ಬರು ಗಂಡಸರಿಗೂ ಇದರಲ್ಲಿ ಒಂಥರಾ ಸುಖವೇ ಇತ್ತೆಂದು ನನ್ನ ಅನುಮಾನ. ಸುಖವಿಲ್ಲದವರು ಅತ್ತೆ ಒಬ್ಬರೇ. ತವರಿಗೆ ಯಾವ ಹಬ್ಬಕ್ಕೂ ಒಬ್ಬರೇ ಬರಬೇಕು. ಉಣ್ಣುವ ಹೊತ್ತಿಗೆ ಗಂಡ ಬೀದಿಯ ಆಚೆ ಚಹಾದಂಗಡಿಯಲ್ಲಿ ಕೂತಿರುತ್ತಾರೆ ಎಂಬುದನ್ನು ನೆನೆದು ನುಂಗಬೇಕು. ಅಣ್ಣ ಮತ್ತು ಗಂಡ ತನ್ನ ತವರಿನ ಪಡಸಾಲೆಯಲ್ಲಿ ಪಕ್ಕಪಕ್ಕ ಕೂತು ಒಂದು ಊಟ ಮಾಡಬೇಕು, ತಾನು ಬಡಿಸಬೇಕು. ಅವರಿಗೆ ಬೇಕಿದ್ದದ್ದು ಇಷ್ಟೇ.

ನಮ್ಮ ಸೀಮೆಗೆ ಪ್ರತ್ಯೇಕ ರಾಜ್ಯ ಬೇಕೆಂಬ ಗಲಾಟೆ ಜೋರಾಗಿದ್ದ ಕಾಲಕ್ಕೆ, ಒಂದು ಭಾನುವಾರ ನಾರಾಯಣಪೇಟೆಯಲ್ಲಿ ಅಪ್ಪನ ರೇಡಿಯೊದ ಮುಳ್ಳು ತಿರುಗಿಸುತ್ತಿದ್ದ ನನಗೆ ಆ ಹಳೆಯ ಪಂದ್ಯವೇ ಕೇಳಿಸಿತು. ಯಾವುದೋ ಸ್ಟೇಷನ್ನಿನವರು ಹಳೆಯ ಕಾರ್ಯಕ್ರಮಗಳನ್ನು ವರ್ಷದಿಂದ ವರ್ಷಕ್ಕೆ ಸಾಲಾಗಿ ಮತ್ತೆ ಹಾಕತೊಡಗಿದ್ದರು. ಹೀಗೇ ಹೋದರೆ ಮಾವನ ವರ್ಷವೂ ಬರಲೇಬೇಕು. ಅತ್ತೆಗೆ ಫೋನು ಮಾಡಿದೆ. "ತಮ್ಮಾ, ಇದನ್ನ ಬಿಡಬ್ಯಾಡ," ಎಂದರು.

ಆದರೆ ಕಾನೂನಿನ ತೊಡಕೊಂದು ಎದ್ದಿತು. ಗದ್ವಾಲದ ಮಾವನ ಮನೆಯಲ್ಲಿ ಆ ಸ್ಟೇಷನ್ ಹಿಡಿದರೆ ಬರೀ ಎಣ್ಣೆಯಲ್ಲಿ ಮಿರ್ಚಿ ಬಿಟ್ಟ ಸದ್ದು. ಮಕ್ತಲದಲ್ಲಿ ನನ್ನ ಸೀರೆ ಅಂಗಡಿಯ ಮೇಲೆ ನಾನಿರುವ ಮನೆಯಲ್ಲೂ ಅಷ್ಟೇ. ಗಂಟೆ ಹೊಡೆದಂತೆ ಕೇಳುವುದು ನಾರಾಯಣಪೇಟೆಯ ಪಡಸಾಲೆಯಲ್ಲಿ ಮಾತ್ರ. ಅಂದರೆ ಮಾವ ಹಾಡು ಕೇಳಬೇಕಾದರೆ ಮನೆಯೊಳಗೆ ಬರಬೇಕು, ಮನೆಯೊಳಗೆ ಬರಬೇಕಾದರೆ ಮೊದಲು ಹಾಡು ಕೇಳಿರಬೇಕು. ನಿಜಾಮರ ಕಾಲದ ದಿವಾನರಿಂದಲೂ ಬಿಡಿಸಲಾಗದ ಈ ಗಂಟಿಗೆ ನಾನೇ ಪರಿಹಾರ ಸೂಚಿಸಿದೆ: ಟೇಪಿನಲ್ಲಿ ಹಿಡಿದು ತಂದರೆ ಹೇಗೆ? ಮಾವ ಎರಡು ದಿನ ವಿಚಾರ ಮಾಡಿ, "ದನಿ ಅದ ಇದ್ರ ಅಡ್ಡಿಯಿಲ್ಲ," ಎಂದು ಮಂಜೂರು ಮಾಡಿದರು.

ಅಂದಿನಿಂದ ನನ್ನ ಭಾನುವಾರಗಳು ಸರ್ಕಾರಿ ಕೆಲಸದಷ್ಟು ಗಂಭೀರವಾದವು. ರೇಡಿಯೊಕ್ಕೂ ಟೇಪಿಗೂ ತಂತಿಯ ಸಂಬಂಧ ಕೂಡಿಸುವ ವಿದ್ಯೆ ನಮಗಿರಲಿಲ್ಲ. ಕಂಬಳಿ ಮಡಚಿ ಹಾಕಿ ಎರಡನ್ನೂ ವಧೂವರರಂತೆ ಎದುರುಬದುರು ಕೂಡಿಸಿ, ಎರಡು ಗುಂಡಿ ಒಟ್ಟಿಗೆ ಒತ್ತಿ ಉಸಿರು ಹಿಡಿಯುವುದು ನಮ್ಮ ಪದ್ಧತಿ. ಆ ಹೊತ್ತಿನಲ್ಲಿ ಕುಕ್ಕರ್ ಇಡಬಾರದು, ಕೆಮ್ಮಬಾರದು. ಪಕ್ಕದ ಮನೆಯಲ್ಲಿ ಸೀರೆ ನೇಯುವ ಅಕ್ಕ ಕೂಡ ಮಗ್ಗ ನಿಲ್ಲಿಸಿ ನಮ್ಮ ಗೋಡೆಗೆ ಕಿವಿಗೊಡುತ್ತಿದ್ದಳು. "ನನಗ ಹಿಂದಿ ಬರಾಂಗಿಲ್ರೀ. ಆದ್ರ ಆ ಮನಷ್ಯ ಮಾತಾಡೋದು ಕೇಳಿದ್ರ ಯಾರೋ ಊಟಕ್ಕ ಕರದಂಗ ಅಕ್ಕೈತಿ," ಎನ್ನುತ್ತಿದ್ದಳು. ಆ ದನಿಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ತಯಾರಾದ ಕ್ಯಾಸೆಟ್ಟುಗಳನ್ನು ಅಭ್ಯಾಸಕ್ಕೆಂದು ಗದ್ವಾಲಕ್ಕೆ ಒಯ್ಯುತ್ತಿದ್ದೆ. ಬಂದ್ ಇದ್ದರೆ ಬಸ್ಸಿಲ್ಲ. ಆಗ ಜೂರಾಲ ಡ್ಯಾಮಿನ ಮೇಲೆ ಹಾಯುವ ಯಾರದಾದರೂ ಜೀಪು, ಟ್ರ್ಯಾಕ್ಟರು. ಒಂದು ಕ್ಯಾಸೆಟ್ಟಿನಲ್ಲಿ ಏಳನೇ ನಂಬರಿನ ಹಾಡು ಶುರುವಾಗುವಾಗಲೇ ಬೀದಿಯಲ್ಲಿ ರಾಜ್ಯ ಕೇಳುವವರ ಮೆರವಣಿಗೆ ಬಂದು, ಹಾಡು ಪೂರ್ತಿ ಘೋಷಣೆಯಲ್ಲಿ ಮುಳುಗಿತ್ತು. ಮಾವ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಏಳನೇ ನಂಬರ್ ರಾಜ್ಯಕ್ಕ ಹೋತು. ಹೋಗ್ಲಿ, ನಮ್ಮ ಕಡಿಂದ ಅಷ್ಟಾದ್ರೂ ಕೊಟ್ಟಂಗಾತು."

ಕಡೆಗೆ ರಾಜ್ಯ ಬಂತು. ಗದ್ವಾಲದ ಬೀದಿಯಲ್ಲಿ ಪಟಾಕಿ ಹೊಡೆದು ಗುಲಾಲು ಎರಚಿದರು. ಮಾವ ಪೇಡೆ ಹಂಚಿ ಒಳಗೆ ಬಂದಾಗ ಅತ್ತೆ ಖಾರ ಕುಟ್ಟುತ್ತಿದ್ದರು. ಒನಕೆ ನಿಲ್ಲಿಸದೆ ಅಂದರು: "ಅವ್ರು ಕೇಳಿ ಕೇಳಿ ಒಂದು ರಾಜ್ಯಾನ ತಗೊಂಡ್ರು. ನಾ ಒಂದು ಊಟ ಕೇಳಾಕತ್ತೀನಿ. ಅದಕ್ಕೂ ಡೆಲ್ಲಿಗೆ ಹೋಗಬೇಕೇನ್ರೀ?"

ಮಾವ ಗುಲಾಲು ತೊಳೆದುಕೊಳ್ಳಲು ಬಚ್ಚಲಿಗೆ ಹೋಗಿ, ಅಷ್ಟು ಗುಲಾಲಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದರು.

ಆ ಮಳೆಗಾಲದಲ್ಲೇ ರೇಡಿಯೊದವನು ಹೇಳಿದ, ಮುಂದಿನ ಭಾನುವಾರ ಮಾವ ಮುನಿಸಿಕೊಂಡ ಆ ವರ್ಷದ ವಾರ್ಷಿಕ ಪಂದ್ಯ. ಅತ್ತೆ ಹಿಂದಿನ ದಿನವೇ ಗದ್ವಾಲದಿಂದ ಬಂದಿಳಿದರು. ಆಶ್ಚರ್ಯ ತಂದದ್ದು ಅಪ್ಪ. ಎಂಬತ್ತು ದಾಟಿದವನು ಕೋಲೂರಿಕೊಂಡು ತಾನೇ ಬಜಾರಿಗೆ ಹೋಗಿ ಹೊಸ ಸೆಲ್ಲು ತಂದ. ಹಳೆಯ ಸೆಲ್ಲಿನ್ನೂ ಜೀವದಿಂದಿರುವಾಗ ಅವನು ಹೊಸದು ಕೊಂಡದ್ದು ಅದೇ ಮೊದಲು.

"ಭಾವಗ ಸ್ವಚ್ಛ ಕೇಳ್ಲಿ," ಎಂದ. ಅತ್ತೆ ಮುಖ ತಿರುಗಿಸಿ ಸೆರಗಿನಿಂದ ಮೂಗೊರೆಸಿಕೊಂಡರು.

ಅವತ್ತು ಎಲ್ಲವೂ ಕೂಡಿ ಬಂತು. ಮಳೆಯಿಲ್ಲ, ಮೆರವಣಿಗೆಯಿಲ್ಲ. ಮಗ್ಗದ ಅಕ್ಕ ಮಗ್ಗ ಬಿಟ್ಟು ನಮ್ಮ ಬಾಗಿಲಿಗೇ ಬಂದು ಕೂತಳು. ಅತ್ತೆ ಕಂಬದ ಬುಡದಲ್ಲಿ ಸೆರಗು ಕಚ್ಚಿ ಹಿಡಿದಿದ್ದರು. ಹತ್ತು ಹೋಯಿತು, ಏಳು ಹೋಯಿತು, ಮೂರು ಹೋಯಿತು. ಎರಡನೆಯ ಹಾಡು ಮುಗಿದು, ಆ ದನಿ ಒಂದು ಗಳಿಗೆ ತಡೆದು, ನಗುತ್ತ, ಈಗ ಒಂದನೇ ನಂಬರು ಎಂದು ಉರ್ದು ಬೆರೆತ ಹಿಂದಿಯಲ್ಲಿ ಹೇಳಿತು. ರೇಡಿಯೊದ ಪಕ್ಕದಲ್ಲೇ ತನ್ಮಯನಾಗಿ ಕೂತಿದ್ದ ಅಪ್ಪನ ಕೈ ಮೇಲೆದ್ದಿತು. ನಾವ್ಯಾರೂ ಮಾತಾಡುವಂತಿರಲಿಲ್ಲವಲ್ಲ!

ಟಕ್.

"ಸಾಕು, ಸೆಲ್ಲು ಇಳೀತಾವ."

ಟೇಪು ಮಾತ್ರ ಕರ್ತವ್ಯನಿಷ್ಠೆಯಿಂದ ತಿರುಗುತ್ತಲೇ ಇತ್ತು. ನಾನು ಹಾರಿ ಮತ್ತೆ ರೇಡಿಯೊ ಹಚ್ಚುವಷ್ಟರಲ್ಲಿ ಮುಳ್ಳು ಸರಿದು ಎಲ್ಲೆಲ್ಲಿಯದೋ ಗದ್ದಲ. ಸ್ಟೇಷನ್ ಸಿಕ್ಕಾಗ ಯಾವನೋ ಹವಾಮಾನ ಹೇಳುತ್ತಿದ್ದ.

ಅಪ್ಪ ತನ್ನ ಕೈಯನ್ನೇ ನೋಡಿಕೊಂಡ. "ಕೈ ತಾನ ಹೋತವ್ವಾ," ಎಂದು ತಂಗಿಗೆ ಹೇಳಿದ. ಅವನು ಅಷ್ಟು ಸಣ್ಣವನಾಗಿ ನನಗೆ ಎಂದೂ ಕಂಡಿರಲಿಲ್ಲ. ಬೈಯಲು ಬಾಯಿ ತೆರೆದಿದ್ದ ಅತ್ತೆ ಎದ್ದು ಹೋಗಿ ಅವನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತರು. "ಹೋಗ್ಲಿ ಬಿಡಣ್ಣ. ನನ್ನ ಹಣೀಬರದಾಗ ಇಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಕ್ಯಾಸೆಟ್ ಹಂಗ ಇರ್ಲಿ. ಸುಳ್ಳು ಹೇಳೂದು ಬ್ಯಾಡ. ಆಗಿದ್ದು ಆಗಿದ್ದಂಗ ಕೇಳ್ಲಿ," ಎಂದರು.

ಮರುದಿನ ನಸುಕಿನ ಬಸ್ಸಿಗೆ ಅತ್ತೆಯನ್ನು ಕರೆದುಕೊಂಡು ಗದ್ವಾಲಕ್ಕೆ ಹೋದೆ. ಡ್ಯಾಮಿನ ಗೇಟು ಬಿಟ್ಟಿದ್ದರು. ಬಸ್ಸಿನವರೆಲ್ಲ ಕಿಟಕಿಗೆ ಬಿದ್ದು ನೀರು ನೋಡುತ್ತಿದ್ದರೆ ಅತ್ತೆ ನೆಟ್ಟಗೆ ಎದುರಿನ ಸೀಟಿನ ಬೆನ್ನು ನೋಡುತ್ತ ಕೂತಿದ್ದರು.

ಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ಹಾಕಿ ಕಾಯುತ್ತಿದ್ದರು. ನಾನು ಏನೂ ಹೇಳದೆ ಟೇಪು ಹಚ್ಚಿದೆ. ಅವರು ತಲೆ ತೂಗಿದರು, ತೊಡೆ ತಟ್ಟಿದರು, ಮೂರನೆಯ ಹಾಡಿಗೆ ಕನ್ನಡಕ ತೆಗೆದಿಟ್ಟರು. ಎರಡನೆಯದು ಮುಗಿಯಿತು. ದನಿ ತಡೆಯಿತು, ನಕ್ಕಿತು, ಈಗ ಒಂದನೇ ನಂಬರು ಎಂದಿತು.

ಟಕ್. "ಸಾಕು, ಸೆಲ್ಲು ಇಳೀತಾವ."

ಮಾವ ಕನ್ನಡಕ ಮತ್ತೆ ಹಾಕಿಕೊಂಡು, "ಇನ್ನೊಮ್ಮೆ ಹಚ್ಚು," ಎಂದರು. ಹಚ್ಚಿದೆ. ಮತ್ತೊಮ್ಮೆ ಹಚ್ಚಿಸಿದರು. ಹಾಡುಗಳನ್ನು ಬಿಟ್ಟು ಆ ಟಕ್ ಒಂದನ್ನೇ ಕೇಳಿದರು.

"ಹೊಸಾ ಸೆಲ್ಲು ತಂದಾರಂತ ಮೊನ್ನಿ ಇಕಿ ಫೋನಿನಾಗ ಹೇಳಿದ್ಲಲ್ಲ?" ಎಂದು ಕೇಳಿದರು.

"ಹೌದ್ರೀ. ಅಪ್ಪನ ತಂದಿದ್ದ. ನಿಮಗ ಸ್ವಚ್ಛ ಕೇಳ್ಲಿ ಅಂತ."

"ನಾ ಅಲ್ಲಿ ಇದ್ದಿದ್ದಿಲ್ಲ. ಆದ್ರೂ ಆರ್ಸಿದ್ರು?"

"ಹೌದ್ರೀ."

ಮಾವ ಅತ್ತೆಯ ಕಡೆ ನೋಡಿದರು. "ಲೇ, ಇದು ನನಗಂತ ಮಾಡಿದ್ದಲ್ಲ. ಈ ಮನಷ್ಯಾ ಮಾಡೋದ ಹಿಂಗ!"

"ಇಷ್ಟು ವರ್ಷ ನಾ ಹೇಳಿದ್ದೇನ್ರೀ ಮತ್ತ?"

"ನೀ ಹೇಳಿದ್ದಿ. ಸಾಕ್ಷಿ ಸಬೂತ್ ಇದ್ದಿದ್ದಿಲ್ಲ." ಹಾಗೆಂದು ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ನಗುವಿನ ನಡುವೆಯೇ ಕಣ್ಣೊರೆಸಿಕೊಂಡು, "ಚಪ್ಪಲಿ ಎಲ್ಲವ?" ಎಂದರು.

ಕ್ಯಾಸೆಟ್ಟನ್ನೂ ಚೀಲಕ್ಕೆ ಹಾಕಿಕೊಂಡು ಮೂವರೂ ನಾರಾಯಣಪೇಟೆಯಲ್ಲಿ ಇಳಿದಾಗ ಮಧ್ಯಾಹ್ನದ ಊಟದ ಹೊತ್ತು. ಅತ್ತೆ ಓಡಿ ಅಡಿಗೆಮನೆ ಸೇರಿದರು. ಮಾವ ಬೀದಿಯಲ್ಲಿ ನಿಂತರು, ಯಾಕೆಂದರೆ ಆಣೆ ಇನ್ನೂ ಕಾಗದದ ಮೇಲೆ ಇದ್ದಂತೆಯೇ ಇತ್ತು. ಅಪ್ಪ ಕೋಲೂರಿಕೊಂಡು ಬಾಗಿಲಿಗೆ ಬಂದ.

"ಏನ್ರೀ ಭಾವ," ಮಾವ ಕೇಳಿದರು, "ಒಂದನೇ ನಂಬರ್ ಯಾವುದಿತ್ರೀ ಅದು?"

"ನನಗೇನು ಗೊತ್ತು? ನಾನ ಆರಿಸಿದ್ನಲ್ಲ."

"ಅವತ್ತೂ ಕೇಳಿಲ್ಲ?"

"ಎರಡೂ ಸರ್ತಿ ಕೇಳಿಲ್ಲ. ಆದ್ರ ಅದು ಆ ದೋಣಿ ಮ್ಯಾಲ ಹಾಡತಾರಲ್ಲ, ಅದ ಇರಬೇಕು."

"ದೋಣೀದು? ಬಿಲ್ಕುಲ್ ಇಲ್ಲ! ದೋಣೀದು ನಾಕನೇದ್ದು. ನಾ ಟೇಪಿನಾಗ ಕೇಳಿನಿ."

"ನಾಕನೇದ್ದು ಹುಡುಗಿ ಸೈಕಲ್ ಮ್ಯಾಲ ಹೋಗೂದು."

"ಸೈಕಲ್ಲಾ? ಭಾವ, ನಿಮಗ ವಯಸ್ಸಾತು. ಸೈಕಲ್ಲಿಂದು ಅದರ ಹಿಂದಿನ ವರ್ಷದ್ದು. ಟೇಪ್ ತರ್ರಿ, ತೋರಸ್ತೀನಿ!"

"ಬರ್ರಿ ಒಳಗ, ಟೇಪ್ ಇಲ್ಲೇ ಐತಿ. ನೀವ ಸೋಲ್ತೀರಿ ನೋಡ್ರಿ."

ಮಾವ ಚಪ್ಪಲಿ ಕಳಚಿ, ಬೆರಳೆತ್ತಿ ವಾದ ಮಾಡುತ್ತಲೇ ಕಟ್ಟೆ ಹತ್ತಿ, ಹೊಸ್ತಿಲು ದಾಟಿ, ಪಡಸಾಲೆಗೆ ಬಂದು ಲೋಡಿಗೆ ಒರಗಿದರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಅಡಿಗೆಮನೆಯ ಬಾಗಿಲಿನಿಂದ ಅತ್ತೆ ಕಣ್ಣು ಬಿಟ್ಟು ಹೆದರಿಸಿದರು. ಹತ್ತಿರ ಹೋದರೆ ಪಿಸುದನಿಯಲ್ಲಿ ಅಂದರು:

"ಸುಮ್ನಿರು. ಒಳಗ ಬಂದಿದ್ದು ಅವ್ರಿಗಿನ್ನೂ ಗೊತ್ತಾಗಿಲ್ಲ. ಮೊದ್ಲ ಹೋಗಿ ಆ ಚಪ್ಪಲಿ ಮುಚ್ಚಿಡು."

ಚಪ್ಪಲಿಗಳನ್ನು ಜೋಳದ ಚೀಲದ ಹಿಂದೆ ಇಟ್ಟು ಬಂದೆ. ಅಷ್ಟರಲ್ಲಿ ಅತ್ತೆ ಎರಡು ತಾಟು ಪಕ್ಕಪಕ್ಕ ಹಾಕಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ಅನ್ನಕ್ಕೆ ಸಾರು ಹಾಕುತ್ತಿದ್ದರು. ಸಾರು ತಾಟಿನ ಆಚೆಯೂ ಚೆಲ್ಲಿತು. ಅವಸರದಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಇಬ್ಬರೂ ದೋಣಿಯನ್ನೂ ಸೈಕಲ್ಲನ್ನೂ ಬಿಡದೆ ಜಗಳಾಡುತ್ತ, ಆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು.